ಯಶೋಧರೆಯನ್ನು ತೋರಿಸುತ್ತಿದ್ದ ಕೈ

ಶೃಂಗೇರಿ
14-11-2024

ಪ್ರೀತಿಯ ತುಂಗಾ,

ಹೇಗಿದ್ದೀಯೆ? ಮಂಡಿನೋವು ಕಡಿಮೆಯಾಯಿತೇ? ನಿನ್ನ ಕಾಗದಕ್ಕೆ ಉತ್ತರ ಬರೆಯದೆ ದೀಪಾವಳಿಯೂ ಕಳೆದುಹೋಯಿತು. ಬೈದುಕೋ, ಪರವಾಗಿಲ್ಲ. ನೀನು ನರಸಿಂಹರಾಜಪುರದಿಂದ ಬಸ್ಸಿನವರ ಕೈಲಿ ಕಳಿಸಿದ ಬೌದ್ಧ ಚಿತ್ರಕಲೆಯ ಪುಸ್ತಕ ಓದಿ ಮುಗಿಸಿದ್ದೇನೆ. ಎಷ್ಟು ಭಾರ ಮಾರಾಯ್ತಿ! ತೊಡೆಯ ಮೇಲಿಟ್ಟುಕೊಂಡರೆ ಕಾಲು ಜೋಮು ಹಿಡಿಯುತ್ತದೆ. ಇವರಂತೂ ದಿನಾ ಛೇಡಿಸುತ್ತಾರೆ: "ಮಠದ ಊರಲ್ಲಿ ಕೂತು ಬುದ್ಧನ್ನ ಓದ್ತೀಯಲ್ಲ, ಎದುರುಪಕ್ಷಕ್ಕೆ ಸೇರಿದ್ಯಾ ಎಂತ?" ಪಾಠಶಾಲೆಯಲ್ಲಿ ಬೌದ್ಧಮತವನ್ನು ಖಂಡಿಸಿ ಖಂಡಿಸಿಯೇ ನಿವೃತ್ತರಾದವರಲ್ಲವೇ, ಅಭ್ಯಾಸ ಹೋಗಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಫೋನಿನಲ್ಲಿ ಹೇಳೋಣವೆಂದರೆ ಇವರ ಕಿವಿ ಇನ್ನೂ ಚುರುಕಾಗಿದೆ.

ಪಕ್ಕದ ಮನೆಗೆ ಹೊಸದಾಗಿ ಬಂದ ರೇಖಾ ಉತ್ತರದ ಕಡೆ ಪ್ರವಾಸ ಹೋಗಿದ್ದಾಳೆ. ನನಗೆ ಇಷ್ಟವೆಂದು ಮೊನ್ನೆ ಹಿಮಾಚಲದ ಒಂದು ವಿಹಾರದ ಗೋಡೆಚಿತ್ರದ ಫೋಟೊ ಕಳಿಸಿದಳು. ಭಿಕ್ಷಾಪಾತ್ರೆ ಹಿಡಿದ ಬುದ್ಧ, ಎದುರಿಗೆ ಯಶೋಧರೆ, ಅವಳು ಮೆಲ್ಲಗೆ ಮುಂದೆ ತಳ್ಳುತ್ತಿರುವ ಪುಟ್ಟ ರಾಹುಲ. ಬೋಳುತಲೆಯ ಸನ್ಯಾಸಿನಿಯೊಬ್ಬಳು ಅರ್ಧ ಬೆನ್ನು ತಿರುಗಿಸಿ ನಿಂತು ಚಿತ್ರವನ್ನು ವಿವರಿಸುತ್ತಿದ್ದಳು. ನಾನು ಯಶೋಧರೆಯ ಮುಖವನ್ನು ದೊಡ್ಡದು ಮಾಡಿ ನೋಡುತ್ತಿದ್ದೆ. ಆಗ ಅದನ್ನು ತೋರಿಸುತ್ತಿದ್ದ ಕೈ ಕಂಡಿತು. ಕಿರುಬೆರಳು ಒಳಕ್ಕೆ ಸೊಟ್ಟ. ಬಾಗಿಲಿಗೆ ಸಿಕ್ಕಿ ಮುರಿದ ಬೆರಳು ಅದು. ಕೊಪ್ಪದ ಡಾಕ್ಟರ ಬಳಿಗೆ ಅವಳನ್ನು ಎತ್ತಿಕೊಂಡು ಓಡಿದವಳು ನಾನೇ.

ತುಂಗಾ, ಅದು ನಮ್ಮ ಭಾರ್ಗವಿ. ಚಿತ್ರಕಲೆ ಕಲಿಯುತ್ತೇನೆಂದು ಹೋದ ನನ್ನ ಮಗಳು. ಆಗೊಮ್ಮೆ ಈಗೊಮ್ಮೆ ಫೋನ್ ಮಾಡಿ "ಊಟ ಆಯ್ತಾ ಅಮ್ಮ" ಎನ್ನುವವಳು. ಫೋನ್ ಕೈಜಾರಿ ಬಿತ್ತು. ಇವರು ಎತ್ತಿಕೊಡುತ್ತಾ, ಕನ್ನಡಕವಿಲ್ಲದೆ ಒಮ್ಮೆ ನೋಡಿ, "ಪಾಪ, ಯಾರ ಮನೆ ಕೂಸೋ ಎಂತೋ" ಎಂದರು. ನಾನು ಫೋನ್ ತೆಗೆದುಕೊಂಡು ಸೆರಗಿನಡಿ ಇಟ್ಟುಕೊಂಡೆ.

ಚಿಕ್ಕವಳಿದ್ದಾಗ ಅವಳಿಗೆ ರಾಹುಲನ ಕಥೆ ಹೇಳುತ್ತಿದ್ದೆ. ಮೊಮ್ಮಗನಿಗೂ ದೀಕ್ಷೆಯಾಯಿತೆಂದು ತಿಳಿದು ಮುದುಕ ಶುದ್ಧೋದನ ನೊಂದುಕೊಂಡನಂತೆ. ಇನ್ನು ಮೇಲೆ ಹೆತ್ತವರ ಒಪ್ಪಿಗೆಯಿಲ್ಲದೆ ಯಾರ ಮಕ್ಕಳಿಗೂ ದೀಕ್ಷೆ ಕೊಡಬೇಡ ಎಂದು ಬೇಡಿದನಂತೆ. ಬುದ್ಧ ಒಪ್ಪಿ ಅದನ್ನೇ ನಿಯಮ ಮಾಡಿದ. "ನೋಡಿದ್ಯಾ, ನನ್ನ ಕೇಳದೆ ನೀ ಎಲ್ಲೂ ಹೋಗೋ ಹಾಗಿಲ್ಲ" ಎಂದು ಅವಳ ಕೆನ್ನೆ ಹಿಂಡುತ್ತಿದ್ದೆ.

ಆ ನಿಯಮ ಇಂದಿಗೂ ಇದೆ. ಅವಳು ಕೇಳಲಿಲ್ಲ. ಕೇಳಿದ್ದರೆ ನಾನು ಸುತರಾಂ ಒಪ್ಪುತ್ತಿರಲಿಲ್ಲ, ಅದು ಅವಳಿಗೂ ಗೊತ್ತು. ರೇಖಾಳಿಂದ ವಿಹಾರದ ನಂಬರ್ ತೆಗೆದುಕೊಂಡಿದ್ದೇನೆ. ನಾಳೆ ಇವರು ಹೊರಗೆ ಹೋದ ಮೇಲೆ ಫೋನ್ ಮಾಡಿ, ಹೆತ್ತವರು ಒಪ್ಪಿಲ್ಲ ಎನ್ನುತ್ತೇನೆ. ಅಷ್ಟು ಸಾಕು, ಕಳಿಸಿಬಿಡುತ್ತಾರೆ. ಸಿಟ್ಟು ಮಾಡಿಕೊಳ್ಳಲಿ, ಕೂದಲು ಬೆಳೆಯುವಷ್ಟರಲ್ಲಿ ಇಳಿಯುತ್ತದೆ.

ನಿನ್ನ ಮೊಮ್ಮಗಳು ಸಿಂಚನಾಗೆ ನನ್ನ ಆಶೀರ್ವಾದ ತಿಳಿಸು. ಚೆನ್ನಾಗಿ ಓದಲಿ, ನಿಮ್ಮ ಕಣ್ಣೆದುರಿಗೇ ಇರಲಿ.

ನಿನ್ನ
ಅಂಬುಜಾಕ್ಷಿ

ತಾ. ಕ.: ಕಾಗದವನ್ನು ಇನ್ನೂ ಡಬ್ಬಿಗೆ ಹಾಕಿರಲಿಲ್ಲ. ಇವತ್ತು ಫೋನ್ ಮಾಡಿದೆ. ಹಿರಿಯ ಸನ್ಯಾಸಿನಿಯೊಬ್ಬರು ಎತ್ತಿಕೊಂಡರು. ಭಾರ್ಗವಿಗೆ ದೀಕ್ಷೆ ಕೊಡುವಾಗ ಮನೆಯವರನ್ನು ಕೇಳಿದಿರಾ ಎಂದೆ, ನನ್ನ ಹರಕು ಹಿಂದಿಯಲ್ಲಿ. "ಯಾರನ್ನು ಕೇಳುವುದು? ಅವಳ ತಂದೆತಾಯಿ ಇಬ್ಬರೂ ತೀರಿಕೊಂಡಿದ್ದಾರಲ್ಲ, ಅವಳೇ ಹೇಳಿದಳು. ತಾಯಿಯ ಹೆಸರಿನಲ್ಲಿ ದಿನಾ ಸಂಜೆ ದೀಪ ಹಚ್ಚುತ್ತಾಳೆ" ಎಂದರು. ಆಮೇಲೆ, "ನೀವು ಯಾರು?" ಎಂದರು.

ಅವಳ ಅಮ್ಮ ಎಂದಿದ್ದರೆ ಮುಗಿದುಹೋಗುತ್ತಿತ್ತು. ನನ್ನ ಬಾಯಿಗೆ ಬಂದದ್ದು ನಿನ್ನ ಹೆಸರು. ಅವಳ ಅಮ್ಮನ ಗೆಳತಿ ತುಂಗಾ ಎಂದು ಹೇಳಿ ಇಟ್ಟುಬಿಟ್ಟೆ. ಭಾರ್ಗವಿ ನಿನಗೆ ಫೋನ್ ಮಾಡಬಹುದು. ಮಾಡಿದರೆ, ಹೌದು, ನಾನೇ ವಿಚಾರಿಸಿದ್ದೆ ಎಂದುಬಿಡು. ಅಮ್ಮ ಹೇಗಿದ್ದಾಳೆ ಎಂದು ಅವಳು ಕೇಳುತ್ತಾಳೋ ಇಲ್ಲವೋ, ಅದನ್ನು ಮಾತ್ರ ನನಗೆ ಬರೆ.