ನಮ್ಮಪ್ಪ ಸುರಿದ ಮಣ್ಣಿಗೆ ಮೂರು ಸಾವಿರ ವರ್ಷ

ಪ್ರಾಚೀನ ಸ್ಮಾರಕಗಳನ್ನು ಕಾಯುವ ಮಾನ್ಯ ಅಧಿಕಾರಿಗಳೇ,

ನಮ್ಮಪ್ಪ ಬಾವಿ ತೋಡಿ ತೆಗೆದ ಮಣ್ಣನ್ನು ತಾವು ಮೂರು ಸಾವಿರ ವರ್ಷ ಹಳೆಯದೆಂದು ಘೋಷಿಸಿದ್ದೀರಿ. ಆ ಮಣ್ಣು ಅಡ್ಡ ನಿಂತು ನನ್ನ ಹೆಂಡತಿ ಆಸ್ಪತ್ರೆಗೆ ಹೋಗಲಾರದೆ ಸಾಯಲಿದ್ದಾಳೆ. ವಿಷಯ ಇಷ್ಟೇ. ಇಷ್ಟನ್ನು ಹೇಳಲು ತಮ್ಮ ಕಚೇರಿಗೆ ಒಂಬತ್ತು ಸಲ ಅಲೆದು ಚಪ್ಪಲಿ ಸವೆಸಿದೆ. ಇನ್ನು ಪತ್ರಿಕೆಯಲ್ಲಿ, ನಾಲ್ಕು ಜನರ ಎದುರಿಗೇ ಹೇಳುತ್ತೇನೆ.

ಶತ್ರುಗಳು ನುಗ್ಗದಿರಲೆಂದು ಯಾವುದೋ ಕಾಲದ ಜನ ನಮ್ಮ ಗುಡ್ಡದ ಸುತ್ತ ಎತ್ತರದ ಮಣ್ಣಿನ ಒಡ್ಡು ಕಟ್ಟಿ, ಹೊರಗೆ ಕಂದಕ ತೋಡಿದರು. ಜಾಣರು, ತಮಗೆ ಓಡಾಡಲು ಎರಡು ದಾರಿ ಬಿಟ್ಟುಕೊಂಡಿದ್ದರು. ಒಡ್ಡಿನೊಳಗೆ ಈಗಿರುವುದು ನಮ್ಮದೊಂದೇ ಮನೆ. ಪಶ್ಚಿಮದ ದಾರಿಗೆ ತಾವು ವಾಹನ ಬಾರದಂತೆ ಕಲ್ಲುಕಂಬ ನೆಟ್ಟಿರಿ. ಅಲ್ಲಿಂದ ನಡೆದರೆ ರಸ್ತೆಗೆ ಎರಡು ಮೈಲಿ ಸುತ್ತು. ಪೂರ್ವದ ದಾರಿಯನ್ನು ಮುಚ್ಚಿದವರು ನಮ್ಮಪ್ಪ. ಈಗ ರಸ್ತೆ ಹಾದುಹೋಗುವುದು ಆ ಕಡೆಯೇ, ಆದರೆ ಆಗ ಇರಲಿಲ್ಲ, ಆಡುಗಳು ಅಲ್ಲಿಂದಲೇ ತಪ್ಪಿಸಿಕೊಳ್ಳುತ್ತಿದ್ದವು, ಬಾವಿಯ ಮಣ್ಣನ್ನು ಎಲ್ಲಾದರೂ ಸುರಿಯಬೇಕಿತ್ತು. ಬುಟ್ಟಿ ಹೊತ್ತವನು ನಾನೇ. ಅಪ್ಪ ಮಣ್ಣಿನ ಕೆಲಸದಲ್ಲಿ ಎತ್ತಿದ ಕೈ. ಪದರ ಪದರವಾಗಿ ನೀರು ಚಿಮುಕಿಸಿ ಕುಟ್ಟಿ, ಹಳೆಯದು ಹೊಸದು ತಿಳಿಯದಂತೆ ಸೇರಿಸಿ, ಮೇಲೆ ಗರಿಕೆ ನೆಟ್ಟರು. ತಮ್ಮ ತಜ್ಞರು ಬಂದವರೇ ಅದನ್ನು ಸವರಿ ನೋಡಿ, ಇಡೀ ಒಡ್ಡಿನಲ್ಲಿ ಇದೇ ಅತ್ಯಂತ ಸುಸ್ಥಿತಿಯ ಭಾಗವೆಂದು ಬರೆದು ಫಲಕ ಹಾಕಿದರು. ಅಪ್ಪ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ತಮ್ಮ ಗುಮಾಸ್ತರು ಹೇಳಿದ್ದನ್ನೂ ಕೇಳಿ.

"ಅದು ಹಳೇದಲ್ಲ ಅನ್ನೋಕೆ ಪುರಾವೆ ಏನಿದೆ, ಯಜಮಾನ್ರೇ?"

"ಅಗೆದು ನೋಡಿ ಸ್ವಾಮಿ. ತಳದಲ್ಲಿ ನಮ್ಮಪ್ಪನ ಮುರಿದ ಗುದ್ದಲಿ ಇದೆ, ಸೋಡಾ ಬಾಟ್ಲಿನೂ ಸಿಗುತ್ತೆ."

"ಅಗೆಯೋ ಹಾಗಿಲ್ಲ."

"ಯಾಕೆ?"

"ಹಳೇದಲ್ವಾ!"

ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು. ಈ ತರ್ಕದಿಂದ ಹೊರಬರುವ ಬಾಗಿಲು ಯಾವ ದಿಕ್ಕಿಗಿದೆ, ತಾವೇ ಹೇಳಿ.

ನನ್ನ ಹೆಂಡತಿಯ ಮೂತ್ರಪಿಂಡಗಳು ಕೈಕೊಟ್ಟಿವೆ. ವಾರಕ್ಕೆ ಮೂರು ದಿನ ಡಯಾಲಿಸಿಸ್. ಅವಳ ತಮ್ಮಂದಿರಿಬ್ಬರು ಅವಳನ್ನು ಕುರ್ಚಿಗೆ ಹೊದಿಕೆಯಿಂದ ಬಿಗಿದು, ಒಡ್ಡು ಹತ್ತಿಸಿ, ಆಚೆ ನಿಂತ ಆಂಬುಲೆನ್ಸಿಗೆ ಇಳಿಸುತ್ತಾರೆ. ಮೊನ್ನೆ ಚಿಕ್ಕವನ ಕಾಲು ಜಾರಿತು. ಮನೆಗೆ ಬಂದ ಮೇಲೆ ಅವಳು, "ಸಾಕು ಕಣ್ರೀ. ನನ್ನಿಂದ ಅವನ ಸೊಂಟ ಮುರಿಯೋದು ಬೇಡ. ಸೋಮವಾರದಿಂದ ನಾನು ಹೋಗಲ್ಲ" ಅಂದಳು. ಹೋಗದಿದ್ದರೆ ಎಷ್ಟು ದಿನ ಎಂದು ವೈದ್ಯರನ್ನು ಕೇಳಿದ್ದೇನೆ. ಅವರ ಉತ್ತರ ಬರೆಯಲು ನನಗೆ ಧೈರ್ಯವಿಲ್ಲ.

ಆದ್ದರಿಂದ ಶನಿವಾರದೊಳಗೆ ಬನ್ನಿ, ತಮ್ಮೆದುರಿಗೇ ಅಗೆಯೋಣ. ಬಾರದಿದ್ದರೆ ಭಾನುವಾರ ನಾನೇ ಗುದ್ದಲಿ ಹಿಡಿಯುತ್ತೇನೆ. ಅಪರಾಧವೆಂದು ಗೊತ್ತು. ಸೋಮವಾರ ಬೆಳಿಗ್ಗೆ ಪೊಲೀಸ್ ಜೀಪು ಕಳಿಸಿ. ಅದು ನಮ್ಮ ಬಾಗಿಲಿನವರೆಗೂ ಬರುವಷ್ಟು ಅಗಲಕ್ಕೆ ಅಗೆದಿರುತ್ತೇನೆ. ಇಬ್ಬರಿಗೆ ಜಾಗವಿರಲಿ. ಮೊದಲು ಅವಳನ್ನು ಆಸ್ಪತ್ರೆಗೆ ಬಿಟ್ಟು, ಆಮೇಲೆ ನನ್ನನ್ನು ಠಾಣೆಗೆ ಕರೆದೊಯ್ಯಲಿ.

ಇಂತಿ,
ಸಂರಕ್ಷಿಸುವಷ್ಟು ವಯಸ್ಸಾಗದ ಒಬ್ಬ ಮುದುಕ