ಕ್ಯಾಲೆಂಡರಿನಲ್ಲಿ ಬರೆದ ಹೆಸರು

ಡೆವೆಂಟರ್
೧೪ ಏಪ್ರಿಲ್ ೧೯೪೬

ಪ್ರೀತಿಯ ವೀಬ್ರನ್,

ಮೇ ತಿಂಗಳಲ್ಲಿ ಮದುವೆಯಾಗೋಣ ಎಂದು ಬರೆದಿದ್ದೀಯ. ಹೂಂ ಅನ್ನಲು ನನಗೆ ಒಂದು ಕ್ಷಣ ಸಾಕು. ಆದರೆ ಬೇಕರಿಯ ಲಾಂಬರ್ಟ್ ಮಾತ್ರ ಮದುವೆಗೆ ಬರಕೂಡದು, ನಿನ್ನನ್ನು ಪೊಲೀಸರಿಗೆ ಹಿಡಿದುಕೊಟ್ಟವನು ಅವನೇ ಎಂದೂ ಬರೆದಿದ್ದೀಯ. ಅದಕ್ಕೇ ಈ ಪತ್ರ. ಓದಿ ಮುಗಿಸುವವರೆಗೆ ಸಿಟ್ಟು ಮಾಡಿಕೊಳ್ಳಬೇಡ, ಆಮೇಲೆ ನಿನ್ನಿಷ್ಟ.

ನೀನು ನಮ್ಮ ಅಟ್ಟದಲ್ಲಿದ್ದ ಆ ಐದು ತಿಂಗಳು ನನಗೆ ಯುದ್ಧವೇ ಮರೆತುಹೋಗಿತ್ತು ಅಂದರೆ ನಗುತ್ತೀಯ. ನೀನು ಹಗಲೆಲ್ಲ ಕಿಟಕಿಯ ಸಂದಿಯಿಂದ ಸೇತುವೆಯ ಮೇಲಿನ ಜರ್ಮನ್ ರೈಲುಗಳನ್ನು ಎಣಿಸಿ ವೈರ್‌ಲೆಸ್ಸಿನಲ್ಲಿ ಲಂಡನ್ನಿಗೆ ತಿಳಿಸುತ್ತಿದ್ದೆ. ಅಮ್ಮನಿಗೂ, ನಮಗೆ ಬ್ರೆಡ್ ತಂದುಕೊಡುತ್ತಿದ್ದ ಲಾಂಬರ್ಟನಿಗೂ ನೀನು ಬರೀ ಯಾನ್. ನಿಜವಾದ ಹೆಸರು ಹೇಳಿದ್ದು ನನಗೊಬ್ಬಳಿಗೆ. ಆ ಜಂಬ ನನಗಿತ್ತು.

ಮಾರ್ಚ್ ಒಂಬತ್ತು ನಿನ್ನ ಹುಟ್ಟುಹಬ್ಬ. ಕೇಕ್ ಇಲ್ಲ, ಕೈ ಕುಲುಕುವ ನೆಂಟರಿಲ್ಲ. “ಈ ವರ್ಷ ನಾನು ಹುಟ್ಟೇ ಇಲ್ಲ ಅಂದ್ಕೊ ಬಿಡು” ಅಂತ ನೀನು ನಕ್ಕೆ. ನಾನು ಕೆಳಗಿಳಿದು, ಎಲ್ಲರ ಮನೆಯಲ್ಲಿರುವಂತೆ ಕಕ್ಕಸಿನ ಗೋಡೆಗೆ ತೂಗುಹಾಕಿದ್ದ ಹುಟ್ಟುಹಬ್ಬದ ಕ್ಯಾಲೆಂಡರಿನಲ್ಲಿ, ಚಿಕ್ಕಮ್ಮಂದಿರ ಹೆಸರುಗಳ ನಡುವೆ, ಅಮ್ಮನ ಕಣ್ಣಿಗೆ ಬೀಳದಷ್ಟು ಸಣ್ಣಗೆ ‘ವೀಬ್ರನ್’ ಎಂದು ಬರೆದೆ. ಮನೆಯವರನ್ನೆಲ್ಲ ಅಲ್ಲಿ ಬರೆಯುತ್ತೇವೆ, ನೀನೂ ಮನೆಯವನೇ ಅನ್ನಿಸಿತ್ತು.

ಹತ್ತು ದಿನದ ಮೇಲೆ ಲಾಂಬರ್ಟ್ ಬ್ರೆಡ್ ತಂದ. ಅವನ ಹಿಂದೆಯೇ ಪೊಲೀಸರು ಬಂದರು. ಬೀದಿಯ ಮನೆಗಳನ್ನೆಲ್ಲ ನೋಡುತ್ತಿದ್ದರು. ನಮ್ಮ ಗುರುತಿನ ಚೀಟಿಗಳನ್ನು ನೋಡಿ ಹೊರಟೇಬಿಟ್ಟಿದ್ದರು. ಅಷ್ಟರಲ್ಲಿ ಒಬ್ಬ ಕಕ್ಕಸು ಎಲ್ಲಿ ಎಂದು ಕೇಳಿದ. ಹೊರಬಂದವನು ಅಮ್ಮನನ್ನು ಮೆಲ್ಲಗೆ ವಿಚಾರಿಸಿದ, “ಅಮ್ಮಾವ್ರೇ, ಈ ವೀಬ್ರನ್ ಯಾರು?” ಅವರು ಹುಡುಕುತ್ತಿದ್ದುದು ಅದೇ ಹೆಸರನ್ನು. ಅಟ್ಟದಲ್ಲಿದ್ದ ನಿನಗೆ ಕೇಳಿಸಿದ್ದು ಲಾಂಬರ್ಟನ ದನಿ ಮಾತ್ರ. ಅವನು ಮೆಟ್ಟಿಲಿಗೆ ಅಡ್ಡ ನಿಂತು, ಅವರನ್ನು ತಡೆಯಲು ಬಾಯಿಗೆ ಬಂದದ್ದನ್ನು ಹರಟುತ್ತಿದ್ದ.

ಹಿಡಿದುಕೊಟ್ಟವಳು ನಾನು. ನೀನು ಕ್ಯಾಂಪಿನಿಂದ ಮೂಳೆಚಕ್ಕಳವಾಗಿ ಬಂದ ದಿನವೇ ಹೇಳಬೇಕಿತ್ತು. ನೀನು ನನ್ನ ಕೈ ಹಿಡಿದುಕೊಂಡೇ ನಿದ್ದೆಹೋದೆ; ಬಿಡಿಸಿಕೊಳ್ಳಲು ಮನಸ್ಸಾಗಲಿಲ್ಲ. ಹೇಡಿತನ, ಇನ್ನೇನು. ನಿನ್ನನ್ನು ಪ್ರೀತಿಸುತ್ತೇನೆ, ವೀಬ್ರನ್. ಮದುವೆ ಬೇಡವೆಂದರೆ ಅಳುತ್ತೇನೆ, ದೂರುವುದಿಲ್ಲ. ಲಾಂಬರ್ಟನಿಗೆ ಮಾತ್ರ ಒಂದು ಸಾಲು ಬರೆ.

ಹೇಗಿದ್ದರೂ ನಿನ್ನವಳೇ,
ಅಲೀಡಾ

ತಾ.ಕ.: ಕ್ಷಮೆ ಕೇಳಲೆಂದು ಪತ್ರವನ್ನು ಮೊದಲು ಲಾಂಬರ್ಟನಿಗೇ ತೋರಿಸಿದೆ. ನೀನು ಅವನನ್ನು ದೂರುತ್ತಿರುವುದು ಅವನಿಗೆ ಒಂದು ವರ್ಷದಿಂದ ಗೊತ್ತಂತೆ. “ಹರಿದು ಹಾಕೇ. ನನ್ನನ್ನ ಬೈಕೊಂಡು ಅವ್ನು ಆರಾಮಾಗಿ ಬದುಕ್ತಾನೆ. ನಿನ್ನನ್ನ ಬೈಕೊಂಡು ಹೇಗೆ ಬದುಕ್ತಾನೆ?” ಅಂದ. ನಾನು ಒಪ್ಪದಿದ್ದಾಗ, ಹಾಗಾದರೆ ಕೊಡು, ನಾನೇ ಅಂಚೆಗೆ ಹಾಕುತ್ತೇನೆ ಎಂದು ಕೈ ಚಾಚಿದ. ಅವನು ಹಾಕುವುದಿಲ್ಲ ಎಂದು ಗೊತ್ತು. ನಾನೇ ಹೋಗುತ್ತಿದ್ದೇನೆ.