ಕ್ಲಬ್ಬಿನ ಚರಿತ್ರೆಯಲ್ಲಿ ನಾನು ಬರೆಯದ್ದು

16 ಜುಲೈ 2016, ಶನಿವಾರ. ಕೇಟಿ ಪಟ್ಟಣ.

ರಾತ್ರಿ ಎರಡೂ ನಲವತ್ತು. ಫ್ರಿಜ್ಜಿನೊಳಗೆ ಐಸ್ ಬಿದ್ದ ಸದ್ದಿಗೆ ಎಚ್ಚರವಾಯಿತು. ಮಗಳು ಮೇಧಾ ಪಕ್ಕದಲ್ಲಿದ್ದಾಳೆ. ಅವಳಪ್ಪ ದುಷ್ಯಂತ್ ಡಲ್ಲಾಸಿನಲ್ಲಿ. ಬೆಳಿಗ್ಗೆ ಅಲ್ಲಿ ಅವನಿಗೆ ರಗ್ಬಿ ಲೀಗ್ ಮ್ಯಾಚ್. ಇನ್ನೊಂದು ತಿಂಗಳು ಆಡಕೂಡದು ಅಂತ ಡಾಕ್ಟರು ಹೇಳಿದ್ದಾರೆ.

ಅವನ ರಗ್ಬಿ ಕ್ಲಬ್ಬಿನ ಐದು ವರ್ಷದ ಚರಿತ್ರೆ ಬರೆದುಕೊಟ್ಟವಳು ನಾನೇ. ಎಂ.ಎ. ಓದಿದ ಪುಣ್ಯ! ‘ಹೋದ ತಿಂಗಳು ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿದರೂ ದುಷ್ಯಂತ್ ಎದ್ದು ಬಂದು ಆಡಿದ’ ಅಂತ ಹೊಗಳಿದೆ. ಕ್ಲಬ್ಬಿನ ಔತಣದ ದಿನ ಓದಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು.

ನಿನ್ನೆ ಹೋಗಬೇಡ ಅಂದರೆ ನಕ್ಕ. “ನೀನೇ ಬರೆದಿದ್ದೀಯಲ್ಲೇ! ಈಗ ಮನೇಲಿ ಕೂತ್ರೆ ಮರ್ಯಾದೆ ಇರುತ್ತೇನೇ?”

ಪೆಟ್ಟು ಬಿದ್ದ ಆ ರಾತ್ರಿ ಅವನು ಮೇಧಾಳ ಹೆಸರು ಮರೆತು ತಡಕಾಡಿದ್ದನ್ನು ನಾನು ಬರೆಯಲೇ ಇಲ್ಲ.

ಫೋನ್ ಆಫ್ ಮಾಡಿದ್ದಾನೆ. ದುಷ್ಯಂತ್, ಇದನ್ನು ನೀನು ಓದೋದಿಲ್ಲ, ಗೊತ್ತು. ಆದರೂ ದಮ್ಮಯ್ಯ, ಬೆಳಗಾಗೋದರೊಳಗೆ ಒಂದು ಫೋನ್ ಮಾಡೋ. ಮಗಳ ಹೆಸರೊಂದು ಹೇಳು, ಸಾಕು.